ಹೆಪ್ಪಿನ ಋಣ: ಕಲ್ಯಾಣ ಸೀಮೆಯ ಎಮ್ಮೆ ಮತ್ತು ಮೊಸರು

ಕಲ್ಯಾಣ ಎಂದ ಕೂಡಲೇ ನಮ್ಮ ನೆನಪಿಗೆ ಬರುವುದು ಚಾಳುಕ್ಯರ ರಾಜಧಾನಿ, ಬಿಜ್ಜಳನ ಸಿಂಹಾಸನ, ಬಸವಣ್ಣನವರ ಅನುಭವ ಮಂಟಪ. ಸ್ವಲ್ಪ ಹೆಚ್ಚು ಓದಿದವರಿಗೆ ಬಹಮನಿಗಳು, ಬರೀದಶಾಹಿಗಳು, ಕಲ್ಯಾಣಿಯ ನವಾಬರೂ ನೆನಪಾಗುತ್ತಾರೆ. ಬಸವಕಲ್ಯಾಣದ ಕೋಟೆ ನೋಡಲು ಬಂದವರಿಗೆ ಮಾರ್ಗದರ್ಶಕರು ತೋರಿಸುವುದು ಬುರುಜು, ತೋಪು ಮತ್ತು ದರ್ಬಾರಿನ ಅವಶೇಷಗಳನ್ನು. ಈ ಚರಿತ್ರೆಯೆಲ್ಲ ನಿಜವೇ. ಆದರೆ ಇದರಲ್ಲಿ ಬರುವವರೆಲ್ಲ ಒಂದಲ್ಲ ಒಂದು ದಿನ ಊರು ಬಿಟ್ಟು ಹೋದವರು. ರಾಜರು ಹೋದರು, ಸುಲ್ತಾನರು ಹೋದರು, ಶರಣರು ಉಳವಿಯ ದಾರಿ ಹಿಡಿದರು, ನವಾಬರು ಹೈದರಾಬಾದಿನ ದೇವಡಿ ಸೇರಿದರು. ಹಾಗಾದರೆ ಉಳಿದವರು ಯಾರು?

ಉಳಿದವರು ಸಂಜೆ ಹೊತ್ತು ಎಮ್ಮೆ ಹೊಡೆದುಕೊಂಡು ಮನೆಗೆ ಬರುವವರು. ಹಾಲು ಕರೆದು, ಕಾಸಿ, ಹೆಪ್ಪು ಹಾಕಿ, ಮುಂಜಾನೆ ಮೊಸರಿನ ಗಡಿಗೆ ತಲೆಯ ಮೇಲಿಟ್ಟುಕೊಂಡು ಓಣಿ ತಿರುಗುವವರು. ಕಲ್ಯಾಣದಲ್ಲಿ ಸಾವಿರ ವರ್ಷಗಳಲ್ಲಿ ಭಾಷೆ ಬದಲಾಗಿದೆ, ಧರ್ಮ ಬದಲಾಗಿದೆ, ನಾಣ್ಯ ಬದಲಾಗಿದೆ. ಬಹಳ ಕಡಿಮೆ ಬದಲಾದ ಕೆಲಸಗಳಲ್ಲಿ ಮೊಸರು ಮಾಡುವುದೂ ಒಂದು. ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳ ಈ ಕಸುಬಿನ ಚರಿತ್ರೆಯನ್ನು ಬರೆದಿಡುವ ಅಗತ್ಯ ಈಗ ಬಂದಿದೆ. ಯಾಕೆಂದರೆ ಅದು ಇಳಿಮುಖವಾಗಿರುವುದು ನಮ್ಮ ಕಣ್ಣೆದುರಿಗೇ.

ನೆಲ ಮತ್ತು ಎಮ್ಮೆ

ಬೀದರ್ ಜಿಲ್ಲೆಯ ಈ ಭಾಗ ದಖ್ಖನ್ ಪ್ರಸ್ಥಭೂಮಿಯ ಮೇಲಿದೆ. ಒಂದು ಕಡೆ ಕೆಂಪು ಜಂಬಿಟ್ಟಿಗೆ ನೆಲ, ಇನ್ನೊಂದು ಕಡೆ ಎರೆ ಭೂಮಿ. ಮಳೆಯನ್ನು ನಂಬಿದ ಒಕ್ಕಲುತನ. ಜೋಳ, ತೊಗರಿ, ಉದ್ದು, ಹೆಸರು, ಕಡಲೆ ಇಲ್ಲಿನ ಹಳೆಯ ಬೆಳೆಗಳು. ಹಸಿ ಹುಲ್ಲು ಮಳೆಗಾಲದ ಮೂರು ನಾಲ್ಕು ತಿಂಗಳು ಮಾತ್ರ. ಉಳಿದ ದಿನಗಳಿಗೆ ಜೋಳದ ಕಣಿಕೆ, ತೊಗರಿ ಮತ್ತು ಕಡಲೆಯ ಹೊಟ್ಟು, ಕೈಯಲ್ಲಿ ಕಾಸಿದ್ದರೆ ಹತ್ತಿಕಾಳು, ಹಿಂಡಿ. ಈ ಒರಟು ಮೇವನ್ನು ತಿಂದು ದಪ್ಪ ಹಾಲು ಕೊಡುವ ಪ್ರಾಣಿ ಎಮ್ಮೆ.

ಹಾಗೆಂದು ಆಕಳು ಇರಲಿಲ್ಲವೆಂದಲ್ಲ. ಪಕ್ಕದ ಲಾತೂರು ಜಿಲ್ಲೆಯ ದೇವಣಿಯ ಹೆಸರು ಹೊತ್ತ ದೇವಣಿ ತಳಿ ಈ ಸೀಮೆಯದ್ದೇ. ಹುಮನಾಬಾದ್ ತಾಲೂಕಿನ ಹಳ್ಳಿಖೇಡದಲ್ಲಿ ಆ ತಳಿಯ ಸಂವರ್ಧನೆಗೆಂದೇ ಸರ್ಕಾರಿ ಕೇಂದ್ರವಿದೆ. ಆದರೆ ಒಕ್ಕಲಿಗನ ಲೆಕ್ಕದಲ್ಲಿ ಎರಡಕ್ಕೂ ಬೇರೆ ಬೇರೆ ಕೆಲಸ. ಆಕಳು ಬೇಕಾದದ್ದು ಮುಖ್ಯವಾಗಿ ಎತ್ತಿಗಾಗಿ, ನೊಗಕ್ಕಾಗಿ. ಎಮ್ಮೆ ಬೇಕಾದದ್ದು ಹೈನಕ್ಕಾಗಿ. ಪೂಜೆ ಆಕಳಿಗೆ ಸಂದರೂ ಮನೆಯ ಖರ್ಚು ನಡೆಸಿದ್ದು ಎಮ್ಮೆ.

ಎಮ್ಮೆಗೆ ನಮ್ಮ ಗಾದೆಗಳು ನ್ಯಾಯ ಮಾಡಿಲ್ಲ. ಮಂದಬುದ್ಧಿಯವನಿಗೆ ಹೇಳಿದ ಮಾತು ಎಮ್ಮೆಯ ಮೇಲೆ ಮಳೆ ಸುರಿದಂತೆ ಎನ್ನುತ್ತೇವೆ. ಕೋಣನ ಮುಂದೆ ಕಿನ್ನರಿ ಬಾರಿಸುತ್ತೇವೆ. ಬಲವಿದ್ದವನದೇ ನಡೆಯುತ್ತದೆ ಎನ್ನಲು ಉರ್ದುವಿನವರು ಯಾರ ಕೈಯಲ್ಲಿ ಲಾಠಿಯೋ ಅವನದೇ ಎಮ್ಮೆ ಎನ್ನುತ್ತಾರೆ. ನಿಜವಾಗಿ ಎಮ್ಮೆ ಸೂಕ್ಷ್ಮ ಪ್ರಾಣಿ. ಅದರ ಕಪ್ಪು ಚರ್ಮದಲ್ಲಿ ಬೆವರಿನ ಗ್ರಂಥಿಗಳು ಕಡಿಮೆ. ಆದ್ದರಿಂದ ಬಿಸಿಲು ತಾಳದೆ ಕೆರೆ, ಹೊಂಡ ಹುಡುಕುತ್ತದೆ. ಹತ್ತು ತಿಂಗಳು ದಾಟಿ ಗರ್ಭ ಹೊರುತ್ತದೆ. ಸಾಕಿದವರ ಕೈ ಬದಲಾದರೆ ಹಾಲು ಇಳಿಬಿಡುವುದಿಲ್ಲ. ಕರು ಬಾಯಿ ಹಾಕದೆ ಕೆಚ್ಚಲು ತುಂಬುವುದಿಲ್ಲ. ಎಮ್ಮೆ ಕರೆಯುವ ಹೆಂಗಸು ಊರು ಬಿಟ್ಟು ಎರಡು ದಿನ ಮದುವೆಗೆ ಹೋಗುವುದೂ ಕಷ್ಟ ಎಂಬುದು ಹೈನದ ಮನೆಯವರಿಗೆಲ್ಲ ಗೊತ್ತಿರುವ ಸಂಗತಿ.

ಈ ಸೀಮೆಯ ಹಟ್ಟಿಗಳಲ್ಲಿ ಇದ್ದದ್ದು ಹೆಚ್ಚಾಗಿ ನಾಡ ಎಮ್ಮೆಗಳು. ಪಶ್ಚಿಮದ ಗಡಿಯಾಚೆ ಮರಾಠವಾಡಿ ತಳಿ, ಸೊಲ್ಲಾಪುರದ ಕಡೆ ಕತ್ತಿಯಂತೆ ಉದ್ದನೆಯ ಕೊಂಬಿನ ಪಂಢರಪುರಿ ತಳಿ. ಹೆಚ್ಚು ಹಾಲಿನ ಆಸೆಗೆ ಮುರ್ರಾ ಬಂದದ್ದು ಆಮೇಲೆ. ನಾಡ ಎಮ್ಮೆ ಕೊಡುವ ಹಾಲು ಕಡಿಮೆ. ಆದರೆ ಅದು ಕಣಿಕೆಯ ಮೇಲೆಯೇ ಬದುಕುತ್ತದೆ, ಬರಗಾಲವನ್ನು ಸ್ವಲ್ಪಮಟ್ಟಿಗಾದರೂ ತಾಳುತ್ತದೆ.

ಅರಸನ ತಟ್ಟೆ, ಶರಣನ ತುರು

ಮೊಸರಿನ ಚರಿತ್ರೆಗೆ ಗ್ರಂಥಾಧಾರ ಹುಡುಕುವವರಿಗೆ ಕಲ್ಯಾಣ ಸೀಮೆಯಷ್ಟು ಅದೃಷ್ಟದ ಜಾಗ ಮತ್ತೊಂದಿರಲಾರದು. ಚಾಳುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ' ಕನ್ನಡದ ಮೊದಲ ವಿಶ್ವಕೋಶದಂತಹ ಕೃತಿ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು ಮತ್ತು ಮಸಾಲೆ ಬೆರೆಸಿ ಇಡ್ಡಲಿಗೆ ಮಾಡುವ ಕ್ರಮ ಅದರಲ್ಲಿದೆ. ಉದ್ದು ಇಂದಿಗೂ ಬೀದರಿನ ಬೆಳೆ. ಮೊಸರಿನಿಂದ ಬೇರ್ಪಡುವ ತಿಳಿಯನ್ನೂ ಚೆಲ್ಲದೆ ಬಳಸುವ ಅಡುಗೆಯ ಜ್ಞಾನ ಸಾವಿರ ವರ್ಷಗಳ ಹಿಂದೆಯೇ ಬರಹಕ್ಕೆ ಇಳಿಯುವಷ್ಟು ಪಕ್ವವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಒಂದು ಶತಮಾನದ ಬಳಿಕ, ಕಲ್ಯಾಣದ ಸಿಂಹಾಸನದ ಮೇಲಿದ್ದ ಮೂರನೆಯ ಸೋಮೇಶ್ವರನೇ 'ಮಾನಸೋಲ್ಲಾಸ'ವನ್ನು ಬರೆದ. ಸುಮಾರು 1129ರಲ್ಲಿ ಸಿದ್ಧವಾದ ಈ ಸಂಸ್ಕೃತ ಗ್ರಂಥದಲ್ಲಿ ನೂರು ಅಧ್ಯಾಯಗಳು. ರಾಜನೀತಿ, ಆನೆ, ರತ್ನ, ಸಂಗೀತಗಳ ಜೊತೆಗೆ ಅನ್ನಭೋಗವೂ ಇದೆ. ಸಕ್ಕರೆ, ಪರಿಮಳ ಬೆರೆತ ಗಟ್ಟಿ ಮೊಸರಿನ ಶಿಖರಿಣಿ, ಮಜ್ಜಿಗೆ, ಕಾಸಿದ ಹಾಲಿಗೆ ಹುಳಿ ಹಾಕಿ ಒಡೆಸಿ ತೆಗೆದ ಗಟ್ಟಿಯಿಂದ ಮಾಡುವ ಸಿಹಿ, ಎಲ್ಲವೂ ಅಲ್ಲಿವೆ. ಇಂದು ಮರಾಠಿ ಮನೆಗಳಲ್ಲಿ ಶ್ರೀಖಂಡ ಎನ್ನುವುದು ಆ ಶಿಖರಿಣಿಯ ವಂಶದ್ದೇ. ಆದರೆ ಇದು ಅರಸನ ತಟ್ಟೆಯ ವರ್ಣನೆ. ಆ ಮೊಸರಿನ ಗಡಿಗೆ ತೊಳೆದವರ ಹೆಸರು ಅದರಲ್ಲಿಲ್ಲ.

ದುಡಿಯುವವರ ಹೆಸರು ಚರಿತ್ರೆಯೊಳಗೆ ಬಂದದ್ದು ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ನಂತರ. ಶರಣರ ಸಮೂಹದಲ್ಲಿ ತುರುಗಾಹಿ ರಾಮಣ್ಣ ಎಂಬ ವಚನಕಾರನಿದ್ದಾನೆ. ಊರ ದನ ಕಾಯುವುದು ಅವನ ಕಾಯಕ. ಗೋಪತಿನಾಥ ವಿಶ್ವೇಶ್ವರಲಿಂಗ ಎಂಬುದು ಅವನ ಅಂಕಿತ. ದನ ಕಾಯುವವನು ತನ್ನ ಕಸುಬಿನ ಹೆಸರಿನಿಂದಲೇ ಲೇಖಕನಾಗಿ ನಿಲ್ಲುವುದು ಸಣ್ಣ ಸಂಗತಿಯಲ್ಲ. ಬಸವಣ್ಣನವರ ಬಗ್ಗೆಯೂ ಒಂದು ಕಥೆ ಜನಪ್ರಿಯವಾಗಿದೆ. ಅವರ ಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಕರುಗಳು ತಾಯಿಯಿಲ್ಲದೆ ಕೊರಗುತ್ತವೆಂದು ಕರುಗಳನ್ನೂ ಅವರ ಹಿಂದೆಯೇ ಕಳುಹಿಸಿದರಂತೆ. ಧರ್ಮದ ಕಣ್ಣಿನಿಂದ ನೋಡಿದರೆ ಇದು ಕರುಣೆಯ ಕಥೆ. ಹೈನದವರ ಕಣ್ಣಿನಿಂದ ನೋಡಿದರೆ ಇದರಲ್ಲಿ ಕಸುಬಿನ ತಿಳಿವಳಿಕೆಯೂ ಇದೆ. ಕರು ಇಲ್ಲದೆ ಹಾಲಿಲ್ಲ. ಕಥೆ ಕಟ್ಟಿದ ಸಮಾಜಕ್ಕೆ ಹಟ್ಟಿ ಚೆನ್ನಾಗಿ ಗೊತ್ತಿತ್ತು.

ಕರ್ನಾಟಕದ ಮೊಸರನ್ನು ಕಂಡ ಹೊರಗಿನವರ ಸಾಕ್ಷ್ಯವೂ ಇದೆ. 14ನೇ ಶತಮಾನದಲ್ಲಿ ನಮ್ಮ ಕರಾವಳಿಯ ಹೊನ್ನಾವರಕ್ಕೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಅಲ್ಲಿನ ಸುಲ್ತಾನ ಜಮಾಲುದ್ದೀನನ ಊಟವನ್ನು ವಿವರವಾಗಿ ಬಣ್ಣಿಸಿದ್ದಾನೆ. ಅನ್ನ ಮತ್ತು ಬಗೆಬಗೆಯ ವ್ಯಂಜನಗಳಾದ ಮೇಲೆ ಕೊನೆಗೆ ಮೊಸರು ಬರುತ್ತದೆ. ಮೊಸರು ಬಂದರೆ ಇನ್ನು ಬಡಿಸುವುದೇನೂ ಇಲ್ಲವೆಂದು ಅರ್ಥ ಎಂದು ಅವನು ಗಮನಿಸಿದ್ದಾನೆ. ಬಡಿಸುವವರು ಯಾವ ಧರ್ಮದವರಾದರೂ ಕನ್ನಡ ನಾಡಿನ ಊಟ ಮುಗಿಯುವ ಕ್ರಮ ಒಂದೇ ಆಗಿತ್ತು.

ಗಡಿಗೆಯೊಳಗಿನ ವಿದ್ಯೆ

ಮೊಸರು ಮಾಡುವುದು ಅಷ್ಟೇನೂ ದೊಡ್ಡ ವಿದ್ಯೆಯಲ್ಲ ಎಂದು ಮೇಲುನೋಟಕ್ಕೆ ಅನಿಸಬಹುದು. ಆದರೆ ಚಾಕುವಿನಿಂದ ಕೊಯ್ದರೆ ತುಂಡಾಗಿ ನಿಲ್ಲುವಂತಹ ಗಟ್ಟಿ ಮೊಸರು ಸುಮ್ಮನೆ ಆಗುವುದಿಲ್ಲ. ಸಂಜೆ ಕರೆದ ಹಾಲನ್ನು ಕುಳ್ಳಿನ ಸಣ್ಣ ಬೆಂಕಿಯ ಮೇಲೆ ಬಹಳ ಹೊತ್ತು ಕಾಸಬೇಕು. ಉಕ್ಕಬಾರದು, ತಳ ಹಿಡಿಯಬಾರದು. ಕೆನೆ ದಪ್ಪಗಾಗಿ ಹಾಲಿಗೆ ತುಸು ಕೆಂಪು ಛಾಯೆ ಬರಬೇಕು. ಆಮೇಲೆ ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗೆನಿಸುವಷ್ಟು, ಅಂದರೆ ಸುಮಾರು 40 ಡಿಗ್ರಿಯವರೆಗೆ, ಆರಿಸಬೇಕು. ತೊಳೆದು ಬಿಸಿಲಿಗೆ ಒಣಗಿಸಿದ ಮಣ್ಣಿನ ಗಡಿಗೆಗೆ ಸುರಿದು ಒಂದು ಚಮಚ ಹೆಪ್ಪು ಹಾಕಬೇಕು. ಚಳಿಗಾಲವಾದರೆ ಗಡಿಗೆಗೆ ಗೋಣಿತಟ್ಟು ಸುತ್ತಿ ಒಲೆಯ ಬದಿಗೆ ಇಡಬೇಕು. ಬೇಸಿಗೆಯಾದರೆ ಹೆಪ್ಪು ಕಡಿಮೆ ಮಾಡಿ ತಂಪಿನ ಜಾಗಕ್ಕೆ ಸರಿಸಬೇಕು. ಗಡಿಗೆಯನ್ನು ಅಲುಗಾಡಿಸುವಂತಿಲ್ಲ.

ಇದರ ಹಿಂದಿನ ಕಾರಣಗಳನ್ನು ಇಂದಿನ ಹೈನು ವಿಜ್ಞಾನ ಸ್ಪಷ್ಟವಾಗಿ ಹೇಳುತ್ತದೆ. ಎಮ್ಮೆ ಹಾಲಿನಲ್ಲಿ ಜಿಡ್ಡು ಸಾಮಾನ್ಯವಾಗಿ ಶೇ. 6ರಿಂದ 8, ಆಕಳ ಹಾಲಿನಲ್ಲಿ ಶೇ. 3.5ರಿಂದ 4.5. ಕೇಸಿನ್ ಎಂಬ ಪ್ರೋಟೀನು ಮತ್ತು ಸುಣ್ಣದ ಅಂಶವೂ ಎಮ್ಮೆ ಹಾಲಿನಲ್ಲಿ ಹೆಚ್ಚು. ಬಹಳ ಹೊತ್ತು ಕಾಸಿದಾಗ ನೀರು ಆವಿಯಾಗುತ್ತದೆ, ಬೇಡದ ಸೂಕ್ಷ್ಮಜೀವಿಗಳು ಸಾಯುತ್ತವೆ, ಹಾಲಿನ ಇತರ ಪ್ರೋಟೀನುಗಳು ಕೇಸಿನ್ನಿಗೆ ಅಂಟಿಕೊಂಡು ಮೊಸರನ್ನು ಗಟ್ಟಿಗೊಳಿಸುತ್ತವೆ. ಮಣ್ಣಿನ ಗಡಿಗೆ ತನ್ನ ಸಣ್ಣ ರಂಧ್ರಗಳಿಂದ ನೀರು ಹೀರಿ ಹೊರಗೆ ಬಿಡುತ್ತದೆ. ಇದರಿಂದ ಮೊಸರು ತಂಪಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಎಮ್ಮೆ ಹಾಲಿನಲ್ಲಿ ಕ್ಯಾರೊಟಿನ್ ಇಲ್ಲದಿರುವುದರಿಂದ ಮೊಸರಿನ ಬಣ್ಣ ಅಚ್ಚ ಬಿಳಿ. ಕೃಷ್ಣಾ ತೀರದ ಕೊಲ್ಹಾರದ ಮೊಸರು ವಿಜಯಪುರ ಜಿಲ್ಲೆಯಲ್ಲಿ ಹೆಸರಾದದ್ದು ಇದೇ ಗಡಿಗೆಯ ವಿದ್ಯೆಯಿಂದ.

ಮೊಸರಿನೊಳಗಿನ ಜೀವಿಯನ್ನು ಯುರೋಪಿನ ವಿಜ್ಞಾನ ಗುರುತಿಸಿದ್ದು ತಡವಾಗಿ. ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ತನ್ನ ನಾಡಿನ ಮೊಸರಿನಲ್ಲಿ ಹುಳಿ ತರುವ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದ್ದು 1905ರಲ್ಲಿ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಮೆಚ್ನಿಕಾಫ್ ಮೊಸರು ದೀರ್ಘಾಯುಷ್ಯಕ್ಕೆ ಒಳ್ಳೆಯದೆಂದು ಪ್ರಚಾರ ಮಾಡಿದ್ದು ಅದರ ನಂತರ. ನಮ್ಮ ಹೆಂಗಸರಿಗೆ ಆ ಜೀವಿಯ ಹೆಸರು ಗೊತ್ತಿರಲಿಲ್ಲ. ಆದರೆ ಅದನ್ನು ಸಾಯದಂತೆ ದಿನದಿಂದ ದಿನಕ್ಕೆ, ತಾಯಿಯಿಂದ ಮಗಳಿಗೆ ದಾಟಿಸುವುದು ಗೊತ್ತಿತ್ತು.

ಆ ದಾಟಿಸುವಿಕೆಯ ಹೆಸರೇ ಹೆಪ್ಪು. ಕನ್ನಡದಲ್ಲಿ ಹೆಪ್ಪು, ಉರ್ದುವಿನಲ್ಲಿ ಜಾಮನ್, ಮರಾಠಿಯಲ್ಲಿ ವಿರಜಣ, ತೆಲುಗಿನಲ್ಲಿ ತೋಡು. ಬಸವಕಲ್ಯಾಣ, ಹುಮನಾಬಾದಿನ ಒಂದೇ ಓಣಿಯಲ್ಲಿ ಈ ಮಾತುಗಳು ಒಟ್ಟಿಗೆ ಕೇಳಿಬರಬಹುದು. ಎಮ್ಮೆ ಈದಾಗ ಮೊದಲ ಹಾಲಿನಿಂದ ಮಾಡುವ ಗಿಣ್ಣವೂ ಹಾಗೆಯೇ. ಕನ್ನಡದವರಿಗೆ ಗಿಣ್ಣ, ತೆಲುಗಿನವರಿಗೆ ಜುನ್ನು, ಮರಾಠಿಗರಿಗೆ ಖರವಸ. 2023ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ನಂದಿನಿ ಮೊಸರಿನ ಪೊಟ್ಟಣದ ಮೇಲೆ 'ದಹಿ' ಎಂದು ಮುದ್ರಿಸಬೇಕೆಂದಾಗ ಕರ್ನಾಟಕ, ತಮಿಳುನಾಡುಗಳಲ್ಲಿ ದೊಡ್ಡ ವಿರೋಧ ಬಂತು. ಮಾರ್ಚ್ ಕೊನೆಗೆ ಪ್ರಾಧಿಕಾರ ತನ್ನ ಆದೇಶವನ್ನು ಸಡಿಲಿಸಬೇಕಾಯಿತು. ಈ ಸೀಮೆಯ ಗಡಿಗೆಗೆ ಮಾತ್ರ ಇಂತಹ ತಂಟೆ ಬರಲಿಲ್ಲ. ಕೊಳ್ಳುವವರು ದಹೀ ಎಂದರು, ಪೆರುಗು ಎಂದರು, ಮೊಸರು ಎಂದರು. ಮಾರುವವಳು ಎಲ್ಲ ಮಾತಿಗೂ ಓಗೊಟ್ಟಳು. ಹೆಸರು ಒಂದೇ ಇರಬೇಕೆಂಬ ಹಟ ಬಂದದ್ದು ಕಚೇರಿಯಿಂದ, ಓಣಿಯಿಂದಲ್ಲ.

ಮಜ್ಜಿಗೆ ಮಾರುವುದಿಲ್ಲ

ಶೀತಲ ಯಂತ್ರವಿಲ್ಲದ ಕಾಲದಲ್ಲಿ ಹಾಲು ಕೆಲವೇ ತಾಸುಗಳ ಸೊತ್ತು. ಹೆಪ್ಪು ಹಾಕಿದರೆ ಅದಕ್ಕೆ ಒಂದೆರಡು ದಿನದ ಆಯುಷ್ಯ. ಕಡೆದು ಬೆಣ್ಣೆ ತೆಗೆದರೆ ಇನ್ನಷ್ಟು ದಿನ. ತುಪ್ಪ ಕಾಸಿದರೆ ತಿಂಗಳುಗಟ್ಟಲೆ. ಮೊಸರು, ಬೆಣ್ಣೆ, ತುಪ್ಪ ಎಂಬುದು ರುಚಿಯ ಸಂಗತಿಗಿಂತ ಮೊದಲು ಕೆಡದಂತೆ ಕಾಪಾಡುವ ಉಪಾಯ. ಊರಲ್ಲಿ ಮಾರಬಹುದಾದಷ್ಟು ಹಾಲು ಮತ್ತು ಮೊಸರು, ಉಳಿದದ್ದು ಬೆಣ್ಣೆ, ಸಂತೆಯ ದಿನಕ್ಕೆ ತುಪ್ಪ. ಇದು ಹೈನದ ಮನೆಯ ವಾರದ ಲೆಕ್ಕ.

ಈ ಲೆಕ್ಕ ಇಟ್ಟವರು ಹೆಂಗಸರು. ಹೊಲದ ಬೆಳೆ ಮಾರಿದ ಹಣ ಗಂಡಸಿನ ಕೈಗೆ ಹೋಗುತ್ತಿತ್ತು. ಮೊಸರು, ಬೆಣ್ಣೆಯ ಚಿಲ್ಲರೆ ಕಾಸು ಹೆಂಗಸಿನ ಸೆರಗಿನ ಗಂಟಿನಲ್ಲಿ ಉಳಿಯುತ್ತಿತ್ತು. ಉಪ್ಪು, ಬಳೆ, ಮಗುವಿನ ಔಷಧಿ, ತವರಿಗೆ ಹೋಗುವ ಬಸ್ಸಿನ ಚಾರ್ಜು, ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಹಣ ಅದೊಂದೇ. ಪೇಟೆಗಳಲ್ಲಿ ಹಾಲು ಮೊಸರನ್ನೇ ಕುಲಕಸುಬಾಗಿ ಮಾಡಿದ ಗವಳಿಗರಿದ್ದರು. ಹಳ್ಳಿಗಳಲ್ಲಿ ಲಿಂಗಾಯತ, ಕುರುಬ, ಮರಾಠ, ಮುಸ್ಲಿಮ್ ಎಂಬ ಭೇದವಿಲ್ಲದೆ ಒಂದೆರಡು ಎಮ್ಮೆ ಇದ್ದ ಮನೆಗಳೆಲ್ಲ ಈ ಕೆಲಸ ಮಾಡುತ್ತಿದ್ದವು. ಹೊಲವಿಲ್ಲದವರಿಗೂ ದಾರಿಯಿತ್ತು. ಉಳ್ಳವರಿಂದ ಎಮ್ಮೆಯ ಕರುವನ್ನು ಪಾಲಿಗೆ ತಂದು ಸಾಕುವುದು, ಅದು ಬೆಳೆದು ಈದ ಮೇಲೆ ಬೆಲೆಯಲ್ಲಿ ಅರ್ಧ ಹಂಚಿಕೊಳ್ಳುವುದು ಇದರ ಕ್ರಮ. ಬಂಡವಾಳವಿಲ್ಲದ ವಿಧವೆಯೊಬ್ಬಳು ಐದಾರು ವರ್ಷಗಳಲ್ಲಿ ಸ್ವಂತ ಎಮ್ಮೆಯ ಒಡತಿಯಾಗಲು ಈ ಪದ್ಧತಿಯಲ್ಲಿ ಅವಕಾಶವಿತ್ತು.

ಇಷ್ಟೆಲ್ಲ ಮಾರಿದರೂ ಒಂದು ವಸ್ತುವನ್ನು ಮಾರುತ್ತಿರಲಿಲ್ಲ. ಅದು ಮಜ್ಜಿಗೆ. ಬೆಣ್ಣೆ ತೆಗೆದ ಮಜ್ಜಿಗೆ ಕೇಳಿದವರಿಗೆ ಕೊಡಬೇಕಾದದ್ದು. ತೆಲುಗಿನಲ್ಲಿ 'ಚಲ್ಲಕೊಚ್ಚಿ ಮುಂತ ದಾಚಿನಟ್ಲು' ಎಂಬ ಗಾದೆಯಿದೆ. ಮಜ್ಜಿಗೆ ಬೇಡಲು ಬಂದವನು ನಾಚಿಕೆಯಿಂದ ಚೆಂಬನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡನಂತೆ. ಬೇಡುವವನಿಗೆ ನಾಚಿಕೆ ಇದ್ದಿರಬಹುದು. ಆದರೆ ಬೇಡಿದರೆ ಸಿಗುತ್ತದೆ ಎಂಬ ಭರವಸೆಯೂ ಇತ್ತು ಎಂಬುದನ್ನು ಈ ಗಾದೆ ಹೇಳುತ್ತದೆ. ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಒಂದು ಚೆಂಬು ಮಜ್ಜಿಗೆ ಇದ್ದರೆ ಕೂಲಿಯವನ ಮಧ್ಯಾಹ್ನ ಕಳೆಯುತ್ತಿತ್ತು. ಎಳ್ಳಮಾವಾಸ್ಯೆಯ ದಿನ ಬೀದರ್, ಕಲಬುರಗಿ, ಲಾತೂರು ಸೀಮೆಯವರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವಾಗ ಜೋಳದ ಹಿಟ್ಟು ಮತ್ತು ಮಜ್ಜಿಗೆಯ ಅಂಬಲಿ ಇರಲೇಬೇಕು. ಆ ದಿನ ಹೊಲದ ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸುವುದು ರೂಢಿ. ಕರೆಸಿಕೊಂಡವರಲ್ಲಿ ಮುಸ್ಲಿಮರೂ ಇರುತ್ತಾರೆ. ಹಾಗೆಯೇ ಮುಸ್ಲಿಮರ ಮದುವೆಯ ಬಿರಿಯಾನಿಗೆ ಬೇಕಾದ ಕೊಡಗಟ್ಟಲೆ ಮೊಸರು, ಅದರ ಜೊತೆಗಿನ ದಹೀ ಕಿ ಚಟ್ನಿಗೆ ಬೇಕಾದ ಮೊಸರು ಬರುತ್ತಿದ್ದದ್ದು ಗವಳಿಗರ ಮನೆಯಿಂದ. ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಿರಲಿ, ಮಾಣಿಕನಗರದ ಪ್ರಭುಗಳ ಉತ್ಸವವಿರಲಿ, ಬಸವಕಲ್ಯಾಣದ ರಾಜಾ ಬಾಗಸವಾರರ ಉರುಸ್ ಇರಲಿ, ನೆರೆದ ಜನರ ಊಟಕ್ಕೆ ಮೊಸರು ಮಜ್ಜಿಗೆ ಬೇಕೇ ಬೇಕು.

ಮುದಿ ಎಮ್ಮೆಯ ಪ್ರಶ್ನೆ

ಎಮ್ಮೆಯ ಚರಿತ್ರೆ ಕೆಚ್ಚಲಿನಲ್ಲಿ ಮುಗಿಯುವುದಿಲ್ಲ. ಹೈದರಾಬಾದಿನಲ್ಲಿ ಇಂದಿಗೂ ಕಲ್ಯಾಣಿ ಬಿರಿಯಾನಿ ಎಂಬ ಹೆಸರಿನ ಅಡುಗೆಯಿದೆ. ಕಲ್ಯಾಣಿಯ ನವಾಬರು ಹೈದರಾಬಾದಿಗೆ ಹೋಗಿ ನೆಲೆಸಿದಾಗ ಅವರ ದೇವಡಿಯಲ್ಲಿ, ಊರಿನಿಂದ ಬಂದವರಿಗೆ ಬಡಿಸುತ್ತಿದ್ದ ಎಮ್ಮೆ ಮಾಂಸದ ಬಿರಿಯಾನಿಯೇ ಈ ಹೆಸರು ಪಡೆಯಿತೆಂದು ಹೇಳುತ್ತಾರೆ. ನವಾಬರ ಹೆಸರು ಹೊತ್ತರೂ ಅದು ಬಡವರ ಬಿರಿಯಾನಿ ಎಂದೇ ಪ್ರಸಿದ್ಧ. ಆ ಊಟ ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಆದರೆ ಅದು ಹೈನುಗಾರಿಕೆಯ ಅರ್ಥಶಾಸ್ತ್ರದ ಒಂದು ಭಾಗ ಎಂಬುದನ್ನು ಮರೆಯಬಾರದು. ಎರಡು ಎಮ್ಮೆ ಸಾಕುವ ಬಡವ, ಹಾಲು ಬತ್ತಿದ ಎಮ್ಮೆಯನ್ನು ಮಾರಿ ಅದೇ ಹಣಕ್ಕೆ ಇನ್ನಷ್ಟು ಸೇರಿಸಿ ಈಯುವ ಎಮ್ಮೆ ತರುತ್ತಾನೆ. ಉಳುಮೆಗೆ ಬಾರದ ಕೋಣಗರುವನ್ನೂ ಮಾರುತ್ತಾನೆ. ಮೊಸರು ಮಾರುವವಳು, ದನದ ದಲಾಲಿ, ಕಸಾಯಿ, ಚರ್ಮ ಹದ ಮಾಡುವವನು ಒಂದೇ ಸರಪಳಿಯ ಕೊಂಡಿಗಳು.

1964ರ ಕರ್ನಾಟಕದ ಕಾಯಿದೆ 12 ವರ್ಷ ಮೀರಿದ ಎಮ್ಮೆ, ಎತ್ತುಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯಿದೆ 13 ವರ್ಷದೊಳಗಿನ ಎಮ್ಮೆ, ಕೋಣಗಳನ್ನೂ ನಿಷೇಧದೊಳಗೆ ತಂದಿತು. ಕಾಗದದ ಮೇಲೆ ಇದು ಒಂದು ವರ್ಷದ ವ್ಯತ್ಯಾಸದಂತೆ ಕಾಣುತ್ತದೆ. ಆದರೆ ಶಿಕ್ಷೆ, ದಂಡಗಳು ಕಠಿಣವಾಗಿವೆ, ಸಾಗಾಟದ ಭಯ ಹೆಚ್ಚಾಗಿದೆ. ಎಂಟೋ ಒಂಬತ್ತೋ ವರ್ಷಕ್ಕೆ ಗೊಡ್ಡಾದ ಎಮ್ಮೆಗೆ ಇನ್ನೂ ನಾಲ್ಕೈದು ವರ್ಷ ಮೇವು ಹಾಕಬೇಕಾದವರು ಯಾರು ಎಂಬ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿಲ್ಲ. ಇದು ಒಂದು ಸಮುದಾಯದ ಊಟದ ಪ್ರಶ್ನೆ ಮಾತ್ರವೆಂದು ತಿಳಿಯುವುದು ತಪ್ಪು. ಎಮ್ಮೆ ಸಾಕುವ ಲಿಂಗಾಯತ, ಮರಾಠ, ಕುರುಬ, ದಲಿತ ಮನೆಗಳ ಲೆಕ್ಕವೂ ಇದರಲ್ಲಿದೆ.

ಗೋಡೆಗಳೂ ಇದ್ದವು

ಹಳೆಯದನ್ನು ನೆನೆಯುವಾಗ ಎಲ್ಲವೂ ಚೆನ್ನಾಗಿತ್ತು ಎಂದು ಬರೆಯುವುದು ಸುಲಭ. ಆದರೆ ಮೊಸರಿನ ಗಡಿಗೆಯ ಸುತ್ತ ಗೋಡೆಗಳೂ ಇದ್ದವು. ಮಜ್ಜಿಗೆ ಎಲ್ಲರಿಗೂ ಸಿಗುತ್ತಿತ್ತು, ನಿಜ. ಆದರೆ ದಲಿತರಿಗೆ ಅದು ಅಂಗಳದಲ್ಲಿ, ಮೇಲಿನಿಂದ ಸುರಿದು ಸಿಗುತ್ತಿತ್ತು. ದಲಿತರ ಮನೆಯ ಎಮ್ಮೆಯೂ ಅದೇ ಕಣಿಕೆ ತಿಂದು ಅದೇ ಬಿಳಿಯ ಹಾಲು ಕೊಟ್ಟರೂ, ಅವರ ಮನೆಯ ಮೊಸರನ್ನು ಮೇಲುಜಾತಿಯವರು ಕೊಳ್ಳುತ್ತಿರಲಿಲ್ಲ. ಹರಳಯ್ಯ, ಮಧುವರಸರ ಮಕ್ಕಳ ಮದುವೆಗಾಗಿ ರಕ್ತ ಹರಿದ ಕಲ್ಯಾಣದಲ್ಲಿಯೇ ಈ ಮೈಲಿಗೆ ಎಂಟು ನೂರು ವರ್ಷ ಉಳಿಯಿತು. ಕೊಡುವುದರಲ್ಲಿ ಇದ್ದ ಔದಾರ್ಯ ಕೊಳ್ಳುವುದರಲ್ಲಿ ಇರಲಿಲ್ಲ.

ಹೆಪ್ಪಿನ ನಂಟು ಎಲ್ಲ ಕಾಲಕ್ಕೂ ಮನುಷ್ಯರನ್ನು ಕಾಪಾಡಿತು ಎಂದೂ ಹೇಳಲಾಗದು. 1948 ಈ ಸೀಮೆಯ ಕಹಿ ವರ್ಷ. ಗೋರಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳನ್ನು ಜನ ಮರೆತಿಲ್ಲ. ಅದೇ ವರ್ಷದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದೆಂದು ಪಂಡಿತ ಸುಂದರಲಾಲ್ ಸಮಿತಿ ಬರೆಯಿತು. ನೆರೆಹೊರೆಯ ಕೊಡುಕೊಳೆ ದ್ವೇಷವನ್ನು ತಡೆಯುವ ಕೋಟೆಯಲ್ಲ. ಆದರೆ ದ್ವೇಷದ ಮರುದಿನ ಬದುಕು ಮತ್ತೆ ಆರಂಭವಾಗಬೇಕಾದಾಗ ಹಾಲು, ಮೊಸರು, ಮೇವಿನಂತಹ ನಿತ್ಯದ ಅಗತ್ಯಗಳೇ ಜನರನ್ನು ಮತ್ತೆ ಒಬ್ಬರ ಬಾಗಿಲಿಗೆ ಇನ್ನೊಬ್ಬರನ್ನು ಕರೆತರುತ್ತವೆ.

ಕ್ಯಾನು ಬಂತು

1949ರಲ್ಲಿ ಜಹಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನ ಮೂರು ರಾಜ್ಯಗಳಿಗೆ ಹಂಚಿಹೋಗಿ ಬೀದರಿನ ಕನ್ನಡ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1970ರಲ್ಲಿ ದೇಶದಲ್ಲಿ ಕ್ಷೀರಧಾರೆಯ ಯೋಜನೆ, ಅಂದರೆ ಆಪರೇಷನ್ ಫ್ಲಡ್, ಆರಂಭವಾಯಿತು. 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮ, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳ. ಮಂಡ್ಯ, ಹಾಸನ, ಕೋಲಾರಗಳಲ್ಲಿ ಮಿಶ್ರತಳಿ ಆಕಳುಗಳ ಹಾಲು ಹೊಳೆಯಾಗಿ ಹರಿಯಿತು. ಕಲಬುರಗಿ, ಬೀದರ್, ಯಾದಗಿರಿಗಳ ಒಕ್ಕೂಟ ದಕ್ಷಿಣದ ಒಕ್ಕೂಟಗಳ ಮುಂದೆ ಇಂದಿಗೂ ಚಿಕ್ಕದು. ಆದರೂ ಊರಿಗೆ ಹಾಲಿನ ಕ್ಯಾನು ಬಂತು. ಸಹಕಾರ ಸಂಘದ್ದಲ್ಲದಿದ್ದರೆ ಖಾಸಗಿ ಡೈರಿಯದ್ದು.

ಕ್ಯಾನು ಒಂದು ಒಳ್ಳೆಯ ಕೆಲಸ ಮಾಡಿತು. ಸಂಘದ ಮುಂದೆ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬಿತ್ತು. ಕರ್ನಾಟಕದ ಕೆಲವು ಊರುಗಳಲ್ಲಿ ದಲಿತರ ಹಾಲಿಗೆ ತಕರಾರು ಎದ್ದದ್ದೂ ಉಂಟು. ಆದರೆ ಜಿಡ್ಡಿನ ಅಂಶ ಅಳೆಯುವ ಯಂತ್ರಕ್ಕೆ ಜಾತಿ ಗೊತ್ತಾಗುವುದಿಲ್ಲ. ಗಡಿಗೆ ಒಡೆಯಲಾಗದ ಗೋಡೆಯನ್ನು ಕ್ಯಾನು ಸ್ವಲ್ಪಮಟ್ಟಿಗಾದರೂ ಒಡೆಯಿತು. ನಿಗದಿತ ಬೆಲೆ, ಹತ್ತು ಹದಿನೈದು ದಿನಕ್ಕೊಮ್ಮೆ ಖಚಿತ ಬಟವಾಡೆ ಬಡವರಿಗೆ ಆಸರೆಯಾದವು.

ಆದರೆ ಕ್ಯಾನು ಮನೆಯಿಂದ ಹಾಲನ್ನು ಮಾತ್ರ ಒಯ್ಯಲಿಲ್ಲ. ಹಾಲು ಹೋದ ಮೇಲೆ ಮೊಸರಿಲ್ಲ, ಮೊಸರಿಲ್ಲದ ಮೇಲೆ ಮಜ್ಜಿಗೆಯಿಲ್ಲ. ಬೇಡಲು ಬರುವವನಿಗೆ ಕೊಡಲು ಏನೂ ಉಳಿಯಲಿಲ್ಲ. ಬಟವಾಡೆಯ ಹಣ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರದಾಯಿತು. ಹೆಚ್ಚಿನ ಕಡೆ ಅದು ಗಂಡಸಿನ ಹೆಸರು. ಎಮ್ಮೆ ತೊಳೆಯುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಹೆಂಗಸಿನ ಪಾಲಿಗೇ ಉಳಿದವು. ಸೆರಗಿನ ಗಂಟು ಮಾತ್ರ ಬರಿದಾಯಿತು.

ಸರ್ಕಾರದ ಸಹಾಯವೂ ಕ್ಯಾನಿನ ಹಿಂದೆಯೇ ಹೋಯಿತು. ಸಂಘಕ್ಕೆ ಹಾಲು ಹಾಕುವವರಿಗೆ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭವಾಗಿ 2016ರ ಹೊತ್ತಿಗೆ ಅದು 5 ರೂಪಾಯಿಗೆ ಏರಿತು. ಒಳ್ಳೆಯ ಯೋಜನೆಯೇ. ಆದರೆ ಅದೇ ಎಮ್ಮೆಯ ಅದೇ ಹಾಲನ್ನು ಮನೆಯಲ್ಲಿ ಮೊಸರು ಮಾಡಿ ಸಂತೆಯಲ್ಲಿ ಮಾರುವವಳಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಆಕೆ ಯಾವ ಲೆಕ್ಕದ ಪುಸ್ತಕದಲ್ಲೂ ಉತ್ಪಾದಕಿಯಲ್ಲ. ಸೋಮೇಶ್ವರನ ಗ್ರಂಥದಲ್ಲಿ ಹೆಸರಿಲ್ಲದವಳು ಮಹಾಮಂಡಳದ ದಾಖಲೆಯಲ್ಲೂ ಹೆಸರಿಲ್ಲದವಳಾಗಿಯೇ ಉಳಿದಳು.

ಹೊಲವೂ ಬದಲಾಯಿತು. ಜೋಳದ ಜಾಗವನ್ನು ಸೋಯಾಬೀನ್ ಮತ್ತು ಕಬ್ಬು ಹಿಡಿದವು. ರೊಕ್ಕದ ಬೆಳೆ ಬಂದದ್ದಕ್ಕೆ ರೈತನನ್ನು ದೂರುವಂತಿಲ್ಲ. ಆದರೆ ಜೋಳದ ಜೊತೆಗೆ ಕಣಿಕೆಯೂ ಹೋಯಿತು. ಕಣಿಕೆ ಕೊಂಡು ಎಮ್ಮೆ ಸಾಕುವುದು ಬಡವನಿಗೆ ಹೊರೆ. ಹೊಂಡ, ಗಾಯರಾಣ ಭೂಮಿಗಳು ಒತ್ತುವರಿಯಾದ ಮೇಲೆ ಎಮ್ಮೆಗೆ ಮೈ ಅದ್ದಲೂ ಜಾಗ ಕಡಿಮೆಯಾಯಿತು. ಹೈದರಾಬಾದ್ ಮತ್ತು ಸೊಲ್ಲಾಪುರಗಳ ನಡುವಿನ ರಾಷ್ಟ್ರೀಯ ಹೆದ್ದಾರಿ ಈ ಎರಡೂ ತಾಲೂಕುಗಳನ್ನು ಹಾದುಹೋಗುತ್ತದೆ. ಆ ಹೆದ್ದಾರಿಯ ಮೇಲೆ ಪ್ಲಾಸ್ಟಿಕ್ ಪೊಟ್ಟಣದ ಮೊಸರು ದೂರದ ಊರುಗಳಿಂದ ಬರುತ್ತದೆ, ಇಲ್ಲಿನ ಹಾಲು ದೂರದ ಊರುಗಳಿಗೆ ಹೋಗುತ್ತದೆ.

ಉಳಿಸಿಕೊಳ್ಳಬೇಕಾದದ್ದು

ಕ್ಯಾನು ಬೇಡ, ಗಡಿಗೆಗೆ ಹಿಂತಿರುಗೋಣ ಎಂಬುದು ಈ ಬರಹದ ವಾದವಲ್ಲ. ಗಡಿಗೆಯ ಕಾಲದ ಮೈಲಿಗೆ ಮತ್ತೆ ಬರುವುದು ಯಾರಿಗೂ ಬೇಡ. ಪ್ರಶ್ನೆ ಇರುವುದು ಎರಡರ ಒಳ್ಳೆಯದನ್ನು ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆಂಬುದು. 2004ರಲ್ಲಿ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಬೀದರಿನಲ್ಲಿಯೇ ಕೇಂದ್ರ ಸಿಕ್ಕಿತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರೂ ಸಿಕ್ಕಿತು. ಹೆಸರಿನ ಜೊತೆ ಕೆಲಸವೂ ಆಗಬೇಕಾದರೆ ಮೊಸರು ಮಾರುವ ಹೆಂಗಸನ್ನೂ ಹೈನುಗಾರಳೆಂದು ದಾಖಲೆಗೆ ತರಬೇಕು. ಪ್ರೋತ್ಸಾಹಧನದಲ್ಲಿ ಆಕೆಗೂ ಪಾಲು ಬೇಕು. ಹಾಲಿನ ಹಣ ಎಮ್ಮೆ ಕರೆಯುವವಳ ಖಾತೆಗೆ ಬರಬೇಕು. ನಾಡ ಎಮ್ಮೆ, ಜೋಳದ ಕಣಿಕೆ, ಊರ ಹೊಂಡಗಳಿಗೆ ಯೋಜನೆಗಳಲ್ಲಿ ಜಾಗ ಬೇಕು. ಮುದಿ ಎಮ್ಮೆಯ ವಿಷಯದಲ್ಲಿ ಕಾನೂನು ಮಾಡುವವರು ಸಾಕುವವರನ್ನು ಕೇಳಬೇಕು. ಇವು ಯಾವುವೂ ಆಗದ ಕೆಲಸಗಳಲ್ಲ.

ಹೆಪ್ಪಿಗೆ ಒಂದು ಗುಣವಿದೆ. ಒಂದು ಮನೆಯಲ್ಲಿ ಅದು ತೀರಿದರೆ ಪಕ್ಕದ ಮನೆಯಿಂದ ತರಬೇಕು. ಹುಟ್ಟಿನಿಂದಲೇ ತನ್ನದಾದ ಹೆಪ್ಪು ಯಾರ ಮನೆಯಲ್ಲೂ ಇಲ್ಲ. ಇಂದು ನಮ್ಮ ಗಡಿಗೆಯಲ್ಲಿರುವ ಮೊಸರು ನಿನ್ನೆ ಯಾರೋ ಕೊಟ್ಟ ಒಂದು ಚಮಚದಿಂದ ಆದದ್ದು. ಅದಕ್ಕೂ ಹಿಂದೆ ಅವರಿಗೆ ಕೊಟ್ಟವರು ಯಾವ ಜಾತಿಯವರೋ, ಯಾವ ಧರ್ಮದವರೋ, ಯಾವ ಭಾಷೆಯಲ್ಲಿ ಅದಕ್ಕೆ ಹೆಸರಿಟ್ಟವರೋ ಯಾರೂ ಹೇಳಲಾರರು. ಕಲ್ಯಾಣದ ಅರಸರ ವಂಶಾವಳಿ ಶಾಸನಗಳಲ್ಲಿ ಸಿಗುತ್ತದೆ. ಈ ಹೆಪ್ಪಿನ ವಂಶಾವಳಿ ಎಲ್ಲಿಯೂ ಸಿಗುವುದಿಲ್ಲ, ಯಾಕೆಂದರೆ ಅದರಲ್ಲಿ ಎಲ್ಲರೂ ಸೇರಿದ್ದಾರೆ. ಆ ಋಣವನ್ನು ತೀರಿಸುವ ಬಗೆ ಒಂದೇ. ನಾಳೆ ಯಾರಾದರೂ ಬಟ್ಟಲು ಹಿಡಿದು ಬಾಗಿಲಿಗೆ ಬಂದಾಗ ಕೊಡಲು ನಮ್ಮ ಮನೆಯಲ್ಲಿ ಒಂದು ಚಮಚವಾದರೂ ಉಳಿದಿರಬೇಕು.